ಕ್ರೆಡಿಟ್ ಸೊನ್ನೆ, ಡಿಗ್ರಿಗೆ ಅಡ್ಡ: ಒಂದು ಬ್ಯಾಕ್ ಪೇಪರಿನ ಪ್ರಕರಣ

ಬ್ಯಾಕ್ ಪೇಪರ್ ಎಂದರೆ ಫೇಲಾಗಿ ಮತ್ತೆ ಬರೆಯಬೇಕಾದ ವಿಷಯ. ಅಂಥದೊಂದನ್ನು ಬಾಕಿ ಉಳಿಸಿಕೊಂಡ ಹುಡುಗನನ್ನು ಇಲ್ಲಿ ಬಸು ಎಂದು ಕರೆಯೋಣ. ಹೆಸರು ನಿಜವಲ್ಲ. ಊರು, ಮನೆತನದ ಕೆಲವು ವಿವರಗಳನ್ನು ಬದಲಿಸಿದ್ದೇನೆ, ಕಾಲೇಜು ಮತ್ತು ಕಂಪನಿಗಳ ಹೆಸರು ಹಾಕಿಲ್ಲ. ಹುಬ್ಬಳ್ಳಿಯ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ನಾನು ಅವನ ಮೆಂಟರ್ ಆಗಿದ್ದೆ. ನನ್ನ ವಿಭಾಗ ಸಿವಿಲ್, ಗಣಿತವಲ್ಲ ಎಂಬುದನ್ನೂ ಮೊದಲೇ ಹೇಳಿಬಿಡುತ್ತೇನೆ.

ಹಿನ್ನೆಲೆ

ಬಸು ಗದಗ ಜಿಲ್ಲೆಯ ರೋಣ ತಾಲ್ಲೂಕಿನವನು. ಮನೆಯಲ್ಲಿ ಉಳ್ಳಾಗಡ್ಡಿ, ಹೆಸರು, ಹತ್ತಿ ಬೆಳೆಯುತ್ತಾರೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮ, ಆಮೇಲೆ ಸಿವಿಲ್ ಡಿಪ್ಲೊಮಾ. ಡಿಪ್ಲೊಮಾದಲ್ಲಿ ಒಳ್ಳೆಯ ಅಂಕ ಬಂದಿದ್ದವು. ಡಿಪ್ಲೊಮಾ ಮುಗಿಸಿದವರ ಪ್ರವೇಶ ಪರೀಕ್ಷೆ ಡಿಸಿಇಟಿ ಬರೆದು 2021ರಲ್ಲಿ ನೇರ ಮೂರನೇ ಸೆಮಿಸ್ಟರಿಗೆ ಬಂದ. ಉಣಕಲ್‌ನಲ್ಲಿ ನಾಲ್ಕು ಜನ ಕೂಡಿ ಒಂದು ರೂಮು, ಕಾಲೇಜಿಗೆ ಹುಬ್ಬಳ್ಳಿ-ಧಾರವಾಡದ ಚಿಗರಿ ಬಸ್ಸು. ಸರ್ವೆಯಲ್ಲಿ ಚುರುಕು. ಭೂಮಿ ಅಳೆಯುವ ಟೋಟಲ್ ಸ್ಟೇಷನ್ ಉಪಕರಣ ಹಿಡಿದರೆ ಪಿಯುಸಿಯಿಂದ ಬಂದ ಹುಡುಗರು ಅವನ ಸುತ್ತ ನಿಂತು ನೋಡುತ್ತಿದ್ದರು.

ಡಿಪ್ಲೊಮಾ ಮುಗಿಸಿ ಬಂದವರು ಬಿಇ ಮೊದಲ ವರ್ಷವನ್ನು ಓದಿರುವುದಿಲ್ಲ. ಆ ವರ್ಷದ ಗಣಿತ ತಪ್ಪಿಹೋಗಿರುತ್ತದೆ. ಅದನ್ನು ತುಂಬಲು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ 2018ರ ಸ್ಕೀಮಿನಲ್ಲಿ, ಅಂದರೆ ಪಠ್ಯಕ್ರಮದಲ್ಲಿ, ಅಡಿಷನಲ್ ಮ್ಯಾಥಮ್ಯಾಟಿಕ್ಸ್ ಎಂಬ ಎರಡು ವಿಷಯಗಳಿದ್ದವು, ಮೂರನೇ ಸೆಮಿಸ್ಟರಿಗೆ ಒಂದು, ನಾಲ್ಕನೆಯದಕ್ಕೆ ಇನ್ನೊಂದು. ಹುಡುಗರ ಬಾಯಲ್ಲಿ ಅದು ‘ಮ್ಯಾಟ್‌ಡಿಪ್’. ಎರಡಕ್ಕೂ ಕ್ರೆಡಿಟ್, ಅಂದರೆ ಸರಾಸರಿಯಲ್ಲಿ ವಿಷಯಕ್ಕಿರುವ ತೂಕ, ಸೊನ್ನೆ. ಸೆಮಿಸ್ಟರಿನ ಸರಾಸರಿ ಎಸ್‌ಜಿಪಿಎಗೂ ಇಡೀ ಕೋರ್ಸಿನ ಸರಾಸರಿ ಸಿಜಿಪಿಎಗೂ ಅದರ ಅಂಕ ಸೇರುವುದಿಲ್ಲ. ಫೇಲಾದರೂ ಮುಂದಿನ ವರ್ಷಕ್ಕೆ ಹೋಗುವುದು ನಿಲ್ಲುವುದಿಲ್ಲ. ಆದರೆ ಪಾಸಾಗದೆ ಡಿಗ್ರಿ ಇಲ್ಲ.

ಈ ನಿಯಮದ ಮೊದಲ ಭಾಗ ಹಾಸ್ಟೆಲಿನಿಂದ ಹಾಸ್ಟೆಲಿಗೆ ಹರಡುತ್ತದೆ. ಕೊನೆಯ ವಾಕ್ಯವನ್ನು ಯಾರೂ ಹರಡುವುದಿಲ್ಲ.

ಮೊದಲ ಎಫ್

ಆ ಪೀರಿಯಡ್ ಮಧ್ಯಾಹ್ನದ ಕೊನೆಗೆ ಬರುತ್ತಿತ್ತು. ಎಲ್ಲ ಬ್ರ್ಯಾಂಚಿನ ಡಿಪ್ಲೊಮಾ ಹುಡುಗರನ್ನು ಒಂದೇ ಕೋಣೆಗೆ ತುಂಬುತ್ತಿದ್ದರು. ಬೆಳಿಗ್ಗೆಯಿಂದ ಲ್ಯಾಬು, ಡ್ರಾಯಿಂಗು ಮುಗಿಸಿ ಬಂದವರಿಗೆ ಡಿ ಮಾಯಿವರನ ಪ್ರಮೇಯ ಎಲ್ಲಿ ಹಿಡಿಸಬೇಕು? ಹಾಜರಿ ಆದಮೇಲೆ ಹಿಂದಿನ ಬಾಗಿಲು ತೆರೆದೇ ಇರುತ್ತಿತ್ತು. ಸೀನಿಯರೊಬ್ಬ ಬಸುಗೆ ಹೇಳಿದ್ದು: ‘ಲೇ ತಮ್ಮ, ಅದಕ್ಕ ಕ್ರೆಡಿಟ್ಟ ಇಲ್ಲ. ಅದನ್ನ ಓದಕೋಂತ ಕುಂತ್ರ ಸ್ಟ್ರೆಂಥ್ ಆಫ್ ಮಟೀರಿಯಲ್ಸ್ ಹೊಕ್ಕೈತಿ ನೋಡು.’

ಆ ಸೀನಿಯರ್ ಹೇಳಿದ್ದು ಪೂರ್ತಿ ಸುಳ್ಳೇನಲ್ಲ. ಮೂರನೇ ಸೆಮಿಸ್ಟರಿನಲ್ಲಿ ಬಸುಗೆ ಉಳಿದ ವಿಷಯಗಳೇ ಹೊರೆಯಾಗಿದ್ದವು. ಇಂಗ್ಲಿಷ್ ಪುಸ್ತಕ, ಹೊಸ ಊರು, ಮನೆಯಿಂದ ಬರುವ ದುಡ್ಡಿನ ಲೆಕ್ಕ ಎಲ್ಲವೂ ಒಮ್ಮೆಲೇ ಮೈಮೇಲೆ ಬಿದ್ದಿದ್ದವು. ಪರೀಕ್ಷೆಯಲ್ಲಿ ಉಳಿದದ್ದೆಲ್ಲ ಪಾಸು, ಮ್ಯಾಟ್‌ಡಿಪ್ ಮಾತ್ರ ಎಫ್. ನೂರಕ್ಕೆ 25 ಬಂದಿತ್ತು. ನೂರರ ಪೇಪರನ್ನು ಅರವತ್ತಕ್ಕೆ ಇಳಿಸುತ್ತಾರಾದ್ದರಿಂದ ಅಂಕಪಟ್ಟಿಯಲ್ಲಿ 15. ಬೇಕಾದದ್ದು 21, ಅಂದರೆ ನೂರಕ್ಕೆ 35. ಕಾಲೇಜಿನೊಳಗೇ ಕೊಡುವ ಇಂಟರ್ನಲ್ಸ್‌ನಲ್ಲಿ ನಲವತ್ತಕ್ಕೆ 22 ಇತ್ತು, ಹಾಗಾಗಿ ಒಟ್ಟು ಮೊತ್ತದ ಚಿಂತೆ ಇರಲಿಲ್ಲ. ಲಿಖಿತ ಪರೀಕ್ಷೆಯ ಕನಿಷ್ಠ ಅಂಕವೊಂದೇ ಬಾಕಿ.

ಏನೇನು ಮಾಡಿ ನೋಡಿದ

ಮೊದಲು ರಿವ್ಯಾಲ್ಯುಯೇಷನ್, ಅಂದರೆ ಮರುಮೌಲ್ಯಮಾಪನ. ಎಲ್ಲರೂ ಹಾಕುತ್ತಾರೆ ಎಂದು ಇವನೂ ಹಾಕಿದ. ಅಂಕ ಅಷ್ಟೇ ಉಳಿಯಿತು. ಒಂದೆರಡು ಅಂಕ ಕಡಿಮೆ ಇದ್ದವರಿಗೆ ಅದು ಪ್ರಯೋಜನಕ್ಕೆ ಬರಬಹುದು. ನೂರಕ್ಕೆ ಹತ್ತು ಕಡಿಮೆ ಇದ್ದವನು ಆ ದುಡ್ಡಿನಲ್ಲಿ ಉತ್ತರಪತ್ರಿಕೆಯ ಫೋಟೊಕಾಪಿ ತರಿಸಿಕೊಳ್ಳುವುದು ಮೇಲು. ಇದು ಮುಂದೆ ಮತ್ತೆ ಬರುತ್ತದೆ.

ನಾಲ್ಕನೇ ಸೆಮಿಸ್ಟರಿನ ಎರಡನೇ ಮ್ಯಾಟ್‌ಡಿಪ್ ಒಂದೇ ಸಲಕ್ಕೆ ಪಾಸಾಯಿತು. ಅದರಲ್ಲಿ ಮ್ಯಾಟ್ರಿಕ್ಸು, ನ್ಯೂಮರಿಕಲ್ ಮೆಥಡ್ಸ್, ಪ್ರಾಬಬಿಲಿಟಿ ಇದ್ದವು. ಕ್ಯಾಲ್ಕುಲೇಟರ್ ಹಿಡಿದು ಹೆಜ್ಜೆ ಹೆಜ್ಜೆಗೆ ಮಾಡುವ ಲೆಕ್ಕಗಳು ಅವನಿಗೆ ಒಗ್ಗಿದವು. ಈ ಪಾಸು ಅವನಿಗೆ ಉಪಕಾರಕ್ಕಿಂತ ಅಪಕಾರವನ್ನೇ ಮಾಡಿತು ಎಂದು ನನ್ನ ಅನಿಸಿಕೆ. ‘ಎರಡನೇದ ಆತಲ್ಲ, ಮೊದಲನೇದನ್ನೂ ಯಾವಾಗರ ಒಗದ್ರಾತು’ ಎಂಬ ಧೈರ್ಯ ಬಂತು.

ಐದನೇ ಸೆಮಿಸ್ಟರಿನಲ್ಲಿ ಫಾರ್ಮ್ ತುಂಬಿದ, ಫೀಸೂ ಕಟ್ಟಿದ. ವೇಳಾಪಟ್ಟಿ ಬಂದಾಗ ನೋಡಿದರೆ ಮ್ಯಾಟ್‌ಡಿಪ್‌ನ ಮರುದಿನವೇ ಕಬ್ಬಿಣ ಹಾಕಿದ ಕಾಂಕ್ರೀಟಿನ ವಿನ್ಯಾಸದ ವಿಷಯ, ಆರ್‌ಸಿ ಡಿಸೈನ್. ಹಿಂದಿನ ರಾತ್ರಿ ಕೂತು ಯೋಚಿಸಿ, ಬ್ಯಾಕ್ ಪೇಪರಿಗೆ ಹೋಗದೆ ಡಿಸೈನ್ ಓದಿದ. ಆರನೆಯದರಲ್ಲಿ ಫಾರ್ಮ್ ತುಂಬಲೇ ಇಲ್ಲ. ‘ಬರಿಯೂದಿಲ್ಲಾ ಅಂದಮ್ಯಾಲ ರೊಕ್ಕ ಯಾಕ ಕಟ್ಟಲಿ ಸರ?’ ಎಂದಿದ್ದ. ಇವೆರಡೂ ಹೊರಗಿನಿಂದ ಒಂದೇ ಥರ ಕಾಣುತ್ತವೆ, ಪರೀಕ್ಷೆ ತಪ್ಪಿಸಿದ, ಅಷ್ಟೇ ಎಂದು. ನನಗೆ ಹಾಗೆ ಕಾಣುವುದಿಲ್ಲ. ಮೊದಲನೆಯದರಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದ. ಎರಡನೆಯದರಲ್ಲಿ ಬಿಟ್ಟ, ಏನನ್ನೂ ಹಿಡಿಯಲಿಲ್ಲ.

ಪ್ಲೇಸ್‌ಮೆಂಟ್ ಬಂದಾಗ

ಏಳನೇ ಸೆಮಿಸ್ಟರ್, 2023ರ ಕೊನೆ. ಕಟ್ಟಡ ನಿರ್ಮಾಣದ ಒಂದು ದೊಡ್ಡ ಕಂಪನಿ ಕ್ಯಾಂಪಸ್ಸಿಗೆ ಬಂತು. ಬಸುವಿನ ಸಿಜಿಪಿಎ ಅವರು ಕೇಳಿದ್ದಕ್ಕಿಂತ ಮೇಲೆಯೇ ಇತ್ತು. ಆನ್‌ಲೈನ್ ಅರ್ಜಿಯಲ್ಲಿ ಒಂದು ಸಾಲು: ಆ್ಯಕ್ಟಿವ್ ಬ್ಯಾಕ್‌ಲಾಗ್, ಅಂದರೆ ಪಾಸಾಗದೆ ಉಳಿದ ವಿಷಯ, ಇರಬಾರದು.

ಅವತ್ತು ಸಂಜೆ ರೂಮಿನಲ್ಲಿ ನಡೆದ ಚರ್ಚೆಯನ್ನು ಅವನೇ ನನಗೆ ಹೇಳಿದ. ಗೆಳೆಯರ ವಾದ ಚತುರವಾಗಿತ್ತು. ಕ್ರೆಡಿಟ್ ಇಲ್ಲದ್ದು ಬ್ಯಾಕ್‌ಲಾಗ್ ಹೇಗಾಗುತ್ತದೆ? ಸಿಜಿಪಿಎಗೆ ಸೇರದ ವಿಷಯವನ್ನು ಕಂಪನಿಯವರು ಎಲ್ಲಿ ನೋಡುತ್ತಾರೆ? ‘ಇಲ್ಲ’ ಎಂದು ಟಿಕ್ ಮಾಡು, ಜೂನ್‌ನಲ್ಲಿ ಪಾಸಾದರೆ ಯಾರಿಗೆ ಗೊತ್ತು?

ಬಸು ಟಿಕ್ ಮಾಡಲಿಲ್ಲ. ಮರುದಿನ ಬೆಳಿಗ್ಗೆ ಪ್ಲೇಸ್‌ಮೆಂಟ್ ಆಫೀಸಿಗೆ ಹೋಗಿ ಕೇಳಿದ. ಅಲ್ಲಿಯವರು ಕಂಪನಿಗೆ ಫೋನ್ ಮಾಡಿ ವಿಚಾರಿಸಿದರು. ಉತ್ತರ ಎರಡು ನಿಮಿಷದಲ್ಲಿ ಬಂತು: ಡಿಗ್ರಿ ಕೊಡಲು ಅಡ್ಡಿಯಾಗುವುದು ಏನೇ ಇರಲಿ, ಅದು ಬ್ಯಾಕ್‌ಲಾಗೇ. ಬಸು ಹೊರಗುಳಿದ. ಅವನಿಗಿಂತ ಕಡಿಮೆ ಸಿಜಿಪಿಎ ಇದ್ದ ರೂಮ್‌ಮೇಟ್ ಆಯ್ಕೆಯಾದ. ಆ ವಾರ ಬಸು ಕ್ಲಾಸಿಗೆ ಬರಲಿಲ್ಲ.

ಕೇಳದೆ ಟಿಕ್ ಮಾಡಿದ್ದರೆ ಕೆಲಸ ಸಿಗುತ್ತಿತ್ತೋ ಏನೋ. ಆದರೆ ದಾಖಲೆ ಪರಿಶೀಲನೆ ಎನ್ನುವುದು ಸೇರುವ ದಿನವೇ ಆಗುತ್ತದೆ, ಗ್ರೇಡ್ ಕಾರ್ಡಿನಲ್ಲಿ ಆ ವಿಷಯದ ಸಾಲು ಇದ್ದೇ ಇರುತ್ತದೆ. ಆಫರ್ ಕಳೆದುಕೊಳ್ಳುವುದಕ್ಕೂ ಸುಳ್ಳು ಹೇಳಿದವನೆಂದು ಕಳೆದುಕೊಳ್ಳುವುದಕ್ಕೂ ವ್ಯತ್ಯಾಸವಿದೆ. ಮುಂದೆ ಅದೇ ಪ್ಲೇಸ್‌ಮೆಂಟ್ ಆಫೀಸಿನವರು ಅವನಿಗಾಗಿ ಇನ್ನೊಂದು ಕಡೆ ಮಾತಾಡಿದ್ದು ಈ ಕಾರಣಕ್ಕೇ.

ಡಿಗ್ರಿಯೇ ಬೇಡವೆಂಬ ಆಲೋಚನೆ

ಏಳನೇ ಸೆಮಿಸ್ಟರಿನ ಪರೀಕ್ಷೆಯ ಜೊತೆಗೆ ಮ್ಯಾಟ್‌ಡಿಪ್ ಮತ್ತೆ ಬರೆದ. ಈ ಬಾರಿ ಓದಿಯೇ ಬರೆದಿದ್ದ. ನೂರಕ್ಕೆ 30. ಅಂಕಪಟ್ಟಿಯಲ್ಲಿ 18.

ಫಲಿತಾಂಶ ಬಂದ ಕೆಲ ದಿನಕ್ಕೆ ಅವನ ತಂದೆ ಅಮರಗೋಳದ ಎಪಿಎಂಸಿಗೆ ಉಳ್ಳಾಗಡ್ಡಿ ತಂದವರು ಕಾಲೇಜಿಗೂ ಬಂದರು. ಟವೆಲ್ಲಿನಿಂದ ಕುರ್ಚಿ ಒರೆಸಿಕೊಂಡು, ಅರ್ಧಕ್ಕೇ ಕೂತು, ‘ಮೂರ ವರ್ಷ ಓದಿದ್ದು ಒಂದ ಗಣಿತಕ್ಕ ನಿಂತತೇನ್ರೀ ಸರ?’ ಎಂದು ಕೇಳಿದರು. ನಿಂತಿದೆ ಎಂದೆ. ‘ಹಂಗಾರ ಡಿಪ್ಲೊಮಾದ ಮ್ಯಾಲ ಏನರ ನೌಕರಿ ಆಗೂದಿಲ್ಲೇನ್ರೀ?’

ಇದು ಕೋಪದಿಂದ ಬಂದ ಪ್ರಶ್ನೆಯಲ್ಲ, ಲೆಕ್ಕ ಹಾಕಿ ಕೇಳಿದ್ದು. ಲೋಕೋಪಯೋಗಿ ಇಲಾಖೆಯ ಕಿರಿಯ ಎಂಜಿನಿಯರ್ ಹುದ್ದೆಗೆ ಸಿವಿಲ್ ಡಿಪ್ಲೊಮಾ ಸಾಕು. ಸಹಾಯಕ ಎಂಜಿನಿಯರ್ ಆಗಬೇಕೆಂದರೆ ಬಿಇ ಬೇಕು. ರೈಲ್ವೆಯ ಕಿರಿಯ ಎಂಜಿನಿಯರ್ ಪರೀಕ್ಷೆಗೂ ಡಿಪ್ಲೊಮಾ ನಡೆಯುತ್ತದೆ. ಧಾರವಾಡದ ಸಪ್ತಾಪುರದಲ್ಲಿ ಓಣಿಗೊಂದು ಕೋಚಿಂಗ್, ಮೆಟ್ಟಿಲ ಮೇಲೂ ಕೂತು ಓದುವ ಹುಡುಗರು. ಬಸು ಅಲ್ಲಿ ಒಂದು ಕಡೆ ವಿಚಾರಿಸಿಯೂ ಬಂದಿದ್ದ. ಆರು ವಿಷಯ ಬಾಕಿ ಇದ್ದ ಹುಡುಗನೊಬ್ಬನಿಗೆ ನಾನೇ ಒಮ್ಮೆ ಆ ದಾರಿ ತೋರಿಸಿದ್ದೆ, ಅವನ ಮಟ್ಟಿಗೆ ಅದು ಸರಿಯಾಗಿತ್ತು.

ಬಸುವಿನ ಲೆಕ್ಕ ಬೇರೆ. ಬಾಕಿ ಇರುವುದು ಒಂದೇ ವಿಷಯ. ಅವನಂತೆ ಡಿಪ್ಲೊಮಾದಿಂದ ನೇರ ಮೂರನೇ ಸೆಮಿಸ್ಟರಿಗೆ ಬರುವ ಲ್ಯಾಟರಲ್ ಎಂಟ್ರಿಯವರಿಗೆ ಡಿಗ್ರಿ ಮುಗಿಸಲು ಒಟ್ಟು ಆರು ವರ್ಷದ ಮಿತಿ, ಹಾಗಾಗಿ ಸಮಯವೂ ಇತ್ತು. ನೇಮಕಾತಿ ಅಧಿಸೂಚನೆ ಯಾವಾಗ ಬರುತ್ತದೆಂದು ಹೇಳುವವರಿಲ್ಲ, ಬಂದರೂ ಪರೀಕ್ಷೆಗೆ ಕೂರುವವರ ಸಂಖ್ಯೆ ಎಷ್ಟೆಂದು ಎಲ್ಲರಿಗೂ ಗೊತ್ತು. ಕೋಚಿಂಗ್ ಬೇಕಾದರೆ ಡಿಗ್ರಿ ಆದಮೇಲೂ ಸೇರಬಹುದು. ಎಂಟನೇ ಸೆಮಿಸ್ಟರಿನಲ್ಲಿ ಪ್ರಾಜೆಕ್ಟ್, ಇಂಟರ್ನ್‌ಶಿಪ್ ಹೆಚ್ಚು, ಥಿಯರಿ ಕಡಿಮೆ. ಮ್ಯಾಟ್‌ಡಿಪ್‌ಗೆ ಇಷ್ಟು ಬಿಡುವು ಅವನಿಗೆ ಹಿಂದೆ ಸಿಕ್ಕಿರಲಿಲ್ಲ, ಮುಂದೆ ನೌಕರಿಗೆ ಸೇರಿದರೆ ಸಿಗುವುದೂ ಇಲ್ಲ. ತಂದೆಯ ಎದುರಿಗೇ ಇದನ್ನೆಲ್ಲ ಕಾಗದದ ಮೇಲೆ ಬರೆದೆವು. ಅವರು ಕೊನೆಗೆ ಮಗನಿಗೆ ಹೇಳಿದ್ದು ಇಷ್ಟೇ: ‘ಇದೊಂದ ಸರ್ತಿ ನೋಡ. ಆಗಲಿಲ್ಲಂದ್ರ ಊರಿಗೆ ಬಾ, ಮುಂದ ನೋಡೂಣು.’

ಫೋಟೊಕಾಪಿ

ಪ್ರಕರಣ ತಿರುಗಿದ್ದು ಇಲ್ಲಿ. ಈ ಬಾರಿ ರಿವ್ಯಾಲ್ಯುಯೇಷನ್‌ಗಿಂತ ಮುಂಚೆ ಉತ್ತರಪತ್ರಿಕೆಯ ಫೋಟೊಕಾಪಿ ತರಿಸಿದ. ಗಣಿತ ವಿಭಾಗದ ಮೇಡಂ ಒಬ್ಬರು ಅವನನ್ನು ಕೂರಿಸಿಕೊಂಡು ಒಂದೊಂದೇ ಪುಟ ಓದಿದರು. ನಾನೂ ಪಕ್ಕದಲ್ಲಿದ್ದೆ.

ಮೊದಲ ಪುಟಗಳ ತುಂಬ ಕಾಂಪ್ಲೆಕ್ಸ್ ಸಂಖ್ಯೆಗಳು. ಬರೆದಿದ್ದಾನೆ, ಅಡ್ಡಗೆರೆ ಎಳೆದಿದ್ದಾನೆ, ಮತ್ತೆ ಬರೆದಿದ್ದಾನೆ. ಅಷ್ಟಕ್ಕೂ ಸಿಕ್ಕ ಅಂಕ ನಾಲ್ಕು. ಅಲ್ಲಿಂದ ಮುಂದೆ ಡೈರೆಕ್ಷನಲ್ ಡಿರೈವೇಟಿವ್. xy² + yz³ ಎಂಬ ಫಂಕ್ಷನ್, (2, −1, 1) ಬಿಂದು, i + 2j + 2k ದಿಕ್ಕು. ಗ್ರೇಡಿಯಂಟ್ ಸರಿ ತೆಗೆದಿದ್ದಾನೆ, i − 3j − 3k. ದಿಕ್ಕಿನ ವೆಕ್ಟರಿನೊಡನೆ ಗುಣಿಸಿ −11 ಎಂದು ಬರೆದು ಕೆಳಗೆ ಎರಡು ಗೆರೆ ಎಳೆದಿದ್ದಾನೆ. ಆ ವೆಕ್ಟರಿನ ಉದ್ದ 3, ಅದರಿಂದ ಭಾಗಿಸುವುದನ್ನು ಮರೆತಿದ್ದ. ಉತ್ತರ −11/3 ಆಗಬೇಕಿತ್ತು.

‘ಇಲ್ಲೇ ಹೋತು ನೋಡ್ರಿ ಮೇಡಂ’ ಎಂದ ಬಸು.

‘ಇಲ್ಲೆ ಹೋಗಿದ್ದು ಒಂದೋ ಎರಡೋ ಮಾರ್ಕ್ಸ್’ ಎಂದರು ಅವರು. ಹೆಜ್ಜೆಗಳಿಗೆ ಸಿಗಬೇಕಾದ ಅಂಕ ಸಿಕ್ಕಿತ್ತು. ಆಮೇಲೆ ಪುಟ ತಿರುವಿ ಕೊನೆಗೆ ಬಂದರು. ಐದನೇ ಮಾಡ್ಯೂಲಿನ, ಅಂದರೆ ಪಠ್ಯದ ಐದನೇ ಭಾಗದ, ಪ್ರಶ್ನೆಯ ಸಂಖ್ಯೆ ಬರೆದಿದೆ, ಕೆಳಗೆ ಒಂದು ಸಾಲು, ಆಮೇಲೆ ಖಾಲಿ. ‘ಇದು ಬರ್ತಿತ್ತೋ ಇಲ್ಲೋ?’

ಬರುತ್ತಿತ್ತು. ಎಕ್ಸ್ಯಾಕ್ಟ್ ಡಿಫರೆನ್ಷಿಯಲ್ ಈಕ್ವೇಷನ್, M dx + N dy = 0 ರೂಪದ್ದು. Mನ್ನು yಗೆ, Nನ್ನು xಗೆ ಡಿಫರೆನ್ಷಿಯೇಟ್ ಮಾಡಿ ಎರಡೂ ಒಂದೇ ಎಂದು ತೋರಿಸಿ, ಇಂಟಿಗ್ರೇಟ್ ಮಾಡಿದರೆ ಮುಗಿಯಿತು. ಅಲ್ಲೇ ಕುಳಿತು ಹಾಳೆಯ ಹಿಂಬದಿಗೆ ಮಾಡಿ ತೋರಿಸಿದ. ಪರೀಕ್ಷೆಯಲ್ಲಿ ಅದಕ್ಕೆ ಬರುವಷ್ಟರಲ್ಲಿ ಗಂಟೆ ಹೊಡೆದಿತ್ತು.

ಪೇಪರಿನಲ್ಲಿ ಐದು ಮಾಡ್ಯೂಲು, ಒಂದೊಂದಕ್ಕೆ 20 ಅಂಕ. ಪ್ರತಿ ಮಾಡ್ಯೂಲಿನಿಂದ ಎರಡು ಪ್ರಶ್ನೆ ಕೊಟ್ಟಿರುತ್ತಾರೆ, ಒಂದನ್ನು ಬರೆಯಬೇಕು. ಪಾಸಿಗೆ ಬೇಕಾದ್ದು 35. ಬಸು ಐದನ್ನೂ ಮುಟ್ಟಿ, ಐದರಲ್ಲೂ ಅಷ್ಟಷ್ಟು ಗೀಚಿ, ಯಾವುದನ್ನೂ ಪೂರ್ತಿ ಮಾಡಿರಲಿಲ್ಲ. ಅದಕ್ಕಿಂತ ಮುಖ್ಯವಾಗಿ, ಮೊದಲ ಮಾಡ್ಯೂಲಿನಿಂದಲೇ ಶುರು ಮಾಡಿದ್ದ. ಅವನಿಗೆ ಅತ್ಯಂತ ಬಾರದ್ದು ಅದೇ.

ಮೇಡಂ ಮೂರೇ ಮಾಡ್ಯೂಲು ಆರಿಸಿಕೊಟ್ಟರು: ವೆಕ್ಟರ್ ಡಿಫರೆನ್ಷಿಯೇಷನ್, ಇಂಟಿಗ್ರಲ್ ಕ್ಯಾಲ್ಕುಲಸ್, ಡಿಫರೆನ್ಷಿಯಲ್ ಈಕ್ವೇಷನ್ಸ್. ಮೂರೂ ಕ್ರಮ ಗೊತ್ತಿದ್ದರೆ ನಡೆಯುವಂಥವು. ಗ್ರೇಡಿಯಂಟ್, ಡೈವರ್ಜೆನ್ಸ್, ಕರ್ಲ್ ತೆಗೆಯುವುದಕ್ಕೆ ಪಾರ್ಷಿಯಲ್ ಡಿಫರೆನ್ಷಿಯೇಷನ್ ಒಂದು ಕೈಗೂಡಿದರೆ ಸಾಕು. ರಿಡಕ್ಷನ್ ಸೂತ್ರ ಬಾಯಿಪಾಠ ಬಂದರೆ ಸೊನ್ನೆಯಿಂದ π/2ರವರೆಗೆ sin⁶xನ ಇಂಟಿಗ್ರಲ್ಲು ಒಂದೇ ಸಾಲಿನಲ್ಲಿ 5π/32 ಎಂದು ಬರುತ್ತದೆ. ಬರೆಯುವ ಕ್ರಮವೂ ತಿರುಗುಮುರುಗು: ಮೊದಲು ಐದು, ಆಮೇಲೆ ಮೂರು, ನಾಲ್ಕು. ಸಮಯ ಉಳಿದರೆ ಎರಡು. ಒಂದನೆಯದನ್ನು ಮುಟ್ಟಲೇಬಾರದು.

ಇದು ಗಣಿತ ಕಲಿಸುವ ರೀತಿಯೇ ಎಂದು ಕೇಳಿದರೆ, ಅಲ್ಲ. ಸ್ವತಃ ಆ ಮೇಡಂಗೂ ಇದು ಹಿಡಿಸಿರಲಿಲ್ಲ. ಆದರೆ ಮೂರನೇ ಸೆಮಿಸ್ಟರಿನಲ್ಲಿ ಕಲಿಯಬೇಕಿದ್ದನ್ನು ಎಂಟನೆಯದರಲ್ಲಿ ಬರೆಯುವವನಿಗೆ ಬೇರೆ ದಾರಿಯನ್ನು ನಾನು ಕಂಡಿಲ್ಲ. ತಮಾಷೆ ಎಂದರೆ, ಐದನೇ ಮಾಡ್ಯೂಲಿನ ಅಭ್ಯಾಸ ಮಾಡುವಾಗ ಬೀಮಿನ ಬಾಗುವಿಕೆಯ ಸಮೀಕರಣ ಎಲ್ಲಿಂದ ಬರುತ್ತದೆ ಎಂಬುದು ಅವನಿಗೆ ಮೊದಲ ಸಲ ತಿಳಿಯಿತಂತೆ. ಸ್ಟ್ರೆಂಥ್ ಆಫ್ ಮಟೀರಿಯಲ್ಸ್‌ನಲ್ಲಿ ಅದನ್ನು ಹಾಗೇ ಉರುಹೊಡೆದು ಪಾಸಾಗಿದ್ದ.

ಫಲಿತಾಂಶ

2024ರ ಮಧ್ಯದಲ್ಲಿ ಕೊನೆಯ ಸೆಮಿಸ್ಟರಿನ ಜೊತೆಗೆ ಬರೆದ. ನೂರಕ್ಕೆ 45, ಅರವತ್ತಕ್ಕೆ ಇಳಿಸಿ 27. ಡಿಗ್ರಿಯ ಕಾಗದ ಉಳಿದವರ ಜೊತೆಗೇ ಕೈಗೆ ಬಂತು. ಪ್ಲೇಸ್‌ಮೆಂಟ್ ಆಫೀಸಿನವರು ಮಾತಾಡಿಟ್ಟಿದ್ದ ರಸ್ತೆ ಕಾಮಗಾರಿಯ ಗುತ್ತಿಗೆ ಸಂಸ್ಥೆಯೊಂದು ಹಾವೇರಿ ಕಡೆಯ ಸೈಟಿಗೆ ತೆಗೆದುಕೊಂಡಿತು. ಸಂಬಳ ಆ ದೊಡ್ಡ ಕಂಪನಿ ಕೊಡುತ್ತಿದ್ದುದಕ್ಕಿಂತ ಸಾಕಷ್ಟು ಕಡಿಮೆ. ಅದನ್ನು ಅವನು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ.

ಬೇರೆಯವರಿಗೆ ಉಪಯೋಗಕ್ಕೆ ಬರುವುದೇನು

ಒಂದು ವಿಷಯ ಬೇಕೋ ಬೇಡವೋ ಎಂದು ಹುಡುಗರು ಒಂದೇ ಪ್ರಶ್ನೆ ಕೇಳುತ್ತಾರೆ. ಅದರಲ್ಲಿ ಮೂರು ಪ್ರಶ್ನೆಗಳಿವೆ: ಸಿಜಿಪಿಎಗೆ ಸೇರುತ್ತದೆಯೇ, ಮುಂದಿನ ವರ್ಷಕ್ಕೆ ತಡೆಯುತ್ತದೆಯೇ, ಡಿಗ್ರಿಗೆ ತಡೆಯುತ್ತದೆಯೇ. ಮ್ಯಾಟ್‌ಡಿಪ್‌ಗೆ ಉತ್ತರ ಇಲ್ಲ, ಇಲ್ಲ, ಹೌದು. ಬಿಎ, ಬಿಕಾಂ ಹುಡುಗರು ತಮ್ಮ ವಿಭಾಗದ ಹೊರಗಿನಿಂದ ಆರಿಸಿಕೊಳ್ಳುತ್ತಿದ್ದ ಓಪನ್ ಎಲೆಕ್ಟಿವ್‌ಗೆ ಇದೇ ಉತ್ತರ ಹಚ್ಚಲು ಬರುವುದಿಲ್ಲ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯೊಂದಿಗೆ ನಮ್ಮ ಡಿಗ್ರಿ ಕಾಲೇಜುಗಳಿಗೆ ಬಂದ ಆ ವಿಷಯಗಳಿಗೆ ಕ್ರೆಡಿಟ್ ಇತ್ತು, ಅಂಕ ಸರಾಸರಿಗೂ ಸೇರುತ್ತಿತ್ತು. ನಿಮ್ಮ ಸ್ಕೀಮಿನ ಪುಸ್ತಕದಲ್ಲಿ ವಿಷಯಗಳ ಪಟ್ಟಿಯ ಕೆಳಗೆ ಸಣ್ಣ ಅಕ್ಷರದ ಟಿಪ್ಪಣಿ ಇರುತ್ತದೆ. ಸೀನಿಯರನ್ನು ಕೇಳುವ ಮುಂಚೆ ಅದನ್ನು ಓದಿ.

ಮೂರನೇ ಉತ್ತರ ‘ಹೌದು’ ಎಂದಾದರೆ ಫಾರ್ಮ್ ತುಂಬುವುದನ್ನು ಯಾವ ಸಲವೂ ಬಿಡಬಾರದು, ಓದಿರಲಿ ಬಿಡಲಿ. ಫೇಲಾದರೆ ಮೊದಲು ಫೋಟೊಕಾಪಿ, ಅದನ್ನು ನೋಡಿದ ಮೇಲೆ ಬೇಕಾದರೆ ರಿವ್ಯಾಲ್ಯುಯೇಷನ್. ಫೋಟೊಕಾಪಿಯನ್ನು ಒಬ್ಬರೇ ನೋಡಬೇಡಿ. ಬಸುವಿನ ಕಣ್ಣು −11ರ ಮೇಲೆ ನಿಂತಿತ್ತು, ಖಾಲಿ ಪುಟವನ್ನು ತೋರಿಸಲು ಇನ್ನೊಬ್ಬರು ಬೇಕಾಯಿತು. ಕಂಪನಿಯ ಅರ್ಜಿಯಲ್ಲಿ ಅನುಮಾನ ಬಂದರೆ ಟಿಕ್ ಮಾಡುವ ಮುಂಚೆ ಕೇಳಿ.

ಐದನೇ ಸೆಮಿಸ್ಟರಿನ ಆ ರಾತ್ರಿಯ ಬಗ್ಗೆ ಮಾತ್ರ ನನಗೂ ಆ ಮೇಡಂಗೂ ಇನ್ನೂ ಜಗಳವಿದೆ. ಆಗ ಬರೆದಿದ್ದರೆ ಪ್ಲೇಸ್‌ಮೆಂಟ್ ಹೊತ್ತಿಗೆ ಇನ್ನೊಂದು ಅವಕಾಶವಾದರೂ ಕೈಯಲ್ಲಿರುತ್ತಿತ್ತು, ಕಡೇಪಕ್ಷ ಪೇಪರಿನ ರೂಪ ತಿಳಿಯುತ್ತಿತ್ತು ಎಂಬುದು ಅವರ ವಾದ. ಆರ್‌ಸಿ ಡಿಸೈನ್ ಅವತ್ತು ಹೋಗಿದ್ದರೆ ಸಿಜಿಪಿಎಯೂ ಕುಸಿದು ಬಾಕಿ ಎರಡಾಗುತ್ತಿದ್ದವು ಎಂಬುದು ನನ್ನದು. ಬಸುವನ್ನು ಕೇಳಿದರೆ, ಸೈಟಿನಲ್ಲಿ ದಿನಾ ಕಲ್ವರ್ಟಿನ ಕಬ್ಬಿಣ ಎಣಿಸುವವನು ನಾನು, ಡಿಸೈನ್ ಓದಿದ್ದೇ ಬರೋಬರಿ ಎನ್ನುತ್ತಾನೆ. ಆರನೇ ಸೆಮಿಸ್ಟರಿನ ಫಾರ್ಮಿನ ಬಗ್ಗೆ ಕೇಳಿದರೆ ಮಾತ್ರ ವಿಷಯ ಬದಲಿಸುತ್ತಾನೆ.